ಮೂರನೆಯ ಮಗು

ಒಬ್ಬ ಶಿಷ್ಯ ಕೇಳಿದ: "ನೆಲ ಇದ್ದಷ್ಟೇ ಇದೆ, ನೀರು ಬತ್ತುತ್ತಿದೆ, ಉಣ್ಣುವ ಬಾಯಿಗಳು ಮಾತ್ರ ಹೆಚ್ಚುತ್ತಿವೆ. ಮಿತಿ ಮೀರಿ ಹೆತ್ತವರನ್ನು ದಂಡಿಸಿದರೆ ತಪ್ಪೇನು ಗುರುಗಳೇ?"

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನ ಹೆಂಡತಿ ಮಾಳವ್ವ. ಇಬ್ಬರು ಹೆಣ್ಣುಮಕ್ಕಳಾದ ಮೇಲೆ ಅವಳು, "ಇಷ್ಟು ಸಾಕು. ಇರುವ ಹೊಲ ಈ ಇಬ್ಬರಿಗೇ ಸಾಲದು" ಎಂದಳು. ಸೂಲಗಿತ್ತಿಯ ಬಳಿ ಹೋಗಿ ಬಸಿರು ನಿಲ್ಲದಂತೆ ಔಷಧಿಯನ್ನೂ ತಂದಳು. ರೈತನಿಗೆ ಗಂಡುಮಗ ಬೇಕಿತ್ತು. ಔಷಧಿಯನ್ನು ತಿಪ್ಪೆಗೆಸೆದ. ಮೂರನೆಯದೂ ಹೆಣ್ಣಾಯಿತು.

ಅದೇ ವರ್ಷ ಅರಸ ಡಂಗುರ ಹೊಡೆಸಿದ: ಇಬ್ಬರಿಗಿಂತ ಹೆಚ್ಚು ಮಕ್ಕಳಿರುವವನು ಊರಗೌಡನಾಗಕೂಡದು. ರೈತನಿಗೆ ಗೌಡಿಕೆಯ ಮೇಲೆ ಕಣ್ಣಿತ್ತು. ಊರು ಸೇರಿದ ದಿನ ಅರಸನ ಅಧಿಕಾರಿಯ ಎದುರು ನಿಂತು, "ನನಗಿಬ್ಬರೇ ಮಕ್ಕಳು. ಆ ಮೂರನೆಯದು ನನ್ನದಲ್ಲ" ಎಂದುಬಿಟ್ಟ.

ಮಾಳವ್ವ ಹೆಂಗಸರ ಸಾಲಿನಲ್ಲಿ ಕೂಸಿಗೆ ಹಾಲೂಡುತ್ತ ಕುಳಿತಿದ್ದಳು. ಮೊದಲು ತನ್ನ ಕಿವಿಯನ್ನು ತಾನೇ ನಂಬಲಿಲ್ಲ. ಊರಿನ ಕಣ್ಣೆಲ್ಲ ತನ್ನತ್ತ ತಿರುಗಿದಾಗ ನಂಬಿದಳು. ಮೈಯೆಲ್ಲ ಉರಿದುಹೋಯಿತು. ಎಂದೂ ಸಭೆಯಲ್ಲಿ ಬಾಯಿ ತೆರೆಯದವಳು ಕೂಸನ್ನೆತ್ತಿಕೊಂಡು ನಡುವೆ ಬಂದು ನಿಂತಳು.

"ಸ್ವಾಮಿ, ಬೇಡವೆಂದವಳು ನಾನು, ಬೇಕೆಂದವನು ಅವನು. ಈಗ ಗೌಡಿಕೆಗೋಸ್ಕರ ನನ್ನ ಮಾನ ಕಳೆಯುತ್ತಿದ್ದಾನೆ. ಈ ಆಜ್ಞೆ ಬರೆಯುವ ಮೊದಲು ನಿಮ್ಮ ಅರಸ ಒಬ್ಬ ಹೆಂಗಸನ್ನಾದರೂ ಕೇಳಿದ್ದನೇ?"

"ಕೇಳಬೇಕೆಂದು ಆಜ್ಞೆಯಲ್ಲಿಲ್ಲವಮ್ಮ" ಎಂದ ಅಧಿಕಾರಿ, ರೈತನಿಗೆ ಇಬ್ಬರೇ ಮಕ್ಕಳೆಂದು ಬರೆದುಕೊಂಡ.

ರೈತ ಗೌಡನಾದ. ನಡತೆಗೆಟ್ಟವಳೆಂದು ಹಿರಿಯರು ಮಾಳವ್ವನನ್ನು ಕೂಸಿನ ಸಮೇತ ಊರು ಬಿಡಿಸಿದರು. ದೊಡ್ಡ ಮಗಳು ಅಳುತ್ತ ಅಗಸೆಬಾಗಿಲವರೆಗೂ ಓಡಿಬಂದಳು. ಅವಳನ್ನು ಎಳೆದೊಯ್ದರು. ಮಾಳವ್ವ ದೂರದ ಊರಿನಲ್ಲಿ ಇಟ್ಟಿಗೆ ಹೊತ್ತು ಕೂಸನ್ನು ಸಾಕಿದಳು. ಇತ್ತ, ಒಂದೇ ವರ್ಷದಲ್ಲಿ ಊರಿನ ಜನಸಂಖ್ಯೆ ಇಳಿದಿದೆಯೆಂದು ಅರಸ ಮೆಚ್ಚಿ ಹೊಸ ಗೌಡನಿಗೆ ಶಾಲು ಹೊದಿಸಿದ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

ಶಿಷ್ಯ ಮೆಲ್ಲನೆ, "ಆ ರೈತ ದುಷ್ಟ, ಒಪ್ಪಿದೆ. ಆದರೂ ಜನ ಹೆಚ್ಚುತ್ತಿರುವುದು ಸುಳ್ಳಲ್ಲವಲ್ಲ ಗುರುಗಳೇ" ಎಂದ.

ಅವನು ಒಂಬತ್ತು ಮಕ್ಕಳಲ್ಲಿ ಕೊನೆಯವನು. ಗುರುಗಳು ಅವನನ್ನೇ ದಿಟ್ಟಿಸಿದರು.

"ನಿನ್ನ ತಾಯಿಗೆ ಎಷ್ಟು ಮಕ್ಕಳು ಬೇಕಿತ್ತೆಂದು ಎಂದಾದರೂ ಕೇಳಿದ್ದೀಯಾ?"