ಮರ ನೋಡಲು ಹೋದ ಕುಟ್ಟಪ್ಪ

ಹೊಳೆಯ ತಿರುವಿನ ಕಾಡಿನಲ್ಲಿ ಕುಟ್ಟಪ್ಪನೆಂಬ ಮರಕುಟಿಗನಿದ್ದ. ಮಕ್ಕಳೇ, ಅವನ ಕೆಲಸವೇನೆಂದು ಮೊದಲು ತಿಳಿದುಕೊಳ್ಳಿ. ಪೊಟರೆ ಬೇಕಾದ ಹಕ್ಕಿಗಳು ಅವನನ್ನು ಕರೆಯುತ್ತಿದ್ದವು. ಅವನು ಮರವನ್ನು ತುದಿಯಿಂದ ಬುಡದವರೆಗೆ ಕೊಕ್ಕಿನಿಂದ ತಟ್ಟಿ, ಸದ್ದು ಕೇಳಿ, ಗಟ್ಟಿಯೋ ಟೊಳ್ಳೋ ಹೇಳುತ್ತಿದ್ದ. ಅವನ ಅಜ್ಜ ಒಂದು ನಿಯಮ ಮಾಡಿದ್ದ: ನೋಡಲು ಹೋದ ಮರ ಯಾರದೋ ಅವರು ಕೊಟ್ಟದ್ದನ್ನು ತಿನ್ನಕೂಡದು.

ಒಮ್ಮೆ ಮಂಗಟ್ಟೆ ಹಕ್ಕಿ ಬೊಮ್ಮಯ್ಯ ಅವನನ್ನು ಕರೆದ. ಗಿಳಿ ಪಚ್ಚಮ್ಮ ತನ್ನ ಪೊಟರೆ ಬಿಟ್ಟುಕೊಡಲು ಒಪ್ಪಿದ್ದಳು. ಬದಲಿಗೆ ಬೊಮ್ಮಯ್ಯನ ಅತ್ತಿಮರದ ಒಂದು ಕೊಂಬೆ ಅವಳಿಗೆ.

"ಸರಿಯಾಗಿ ನೋಡಪ್ಪ," ಎಂದ ಬೊಮ್ಮಯ್ಯ. "ಕೆಂಚಮ್ಮ ಮೊಟ್ಟೆಯಿಡಲು ಒಳಗೆ ಕೂತ ಮೇಲೆ ಬಾಗಿಲಿಗೆ ಮಣ್ಣು ಮೆತ್ತುತ್ತೇವೆ. ಕೊಕ್ಕು ತೂರುವಷ್ಟೇ ಸಂದು. ಒಳಗೆ ಅವಳ ರೆಕ್ಕೆಯ ಗರಿಯೂ ಉದುರುತ್ತದೆ. ಮರ ಬಿದ್ದರೆ ನನ್ನ ಹೆಂಡತಿ ಉಳಿಯುವುದಿಲ್ಲ."

ಪಚ್ಚಮ್ಮ ಎಲೆಯ ತುಂಬ ಗೆದ್ದಲುಹುಳು ಇಟ್ಟುಕೊಂಡು ಕಾಯುತ್ತಿದ್ದಳು.

"ಬಿಸಿಲಲ್ಲಿ ಬಂದಿದ್ದೀಯ. ಎರಡು ಬಾಯಿಗೆ ಹಾಕಿಕೋ."

"ಬೇಡ ಪಚ್ಚಮ್ಮ, ಅಜ್ಜನ ನಿಯಮ."

"ಅಜ್ಜ ಹೋಗಿ ಎಷ್ಟು ಮಳೆಗಾಲ ಆಯಿತು? ಬಂದವರನ್ನು ಬರಿಬಾಯಲ್ಲಿ ಕಳಿಸುವ ಮನೆಯಲ್ಲ ನಮ್ಮದು."

ಎರಡು ನಾಲ್ಕಾಯಿತು, ನಾಲ್ಕು ನಲವತ್ತಾಯಿತು. ಎಲೆ ಖಾಲಿಯಾಯಿತು.

ಕುಟ್ಟಪ್ಪ ತಟ್ಟತೊಡಗಿದ. ತುದಿಯಲ್ಲಿ ಟಕ್. ನಡುವೆ ಟಕ್. ಬುಡದಲ್ಲಿ ಡುಬ್. ಅವನಿಗೆ ಗಲಿಬಿಲಿಯಾಯಿತು. ಮತ್ತೆ ತಟ್ಟಿದ. ಡುಬ್. ಇದು ಮರದ ಸದ್ದೋ, ತುಂಬಿದ ತನ್ನ ಹೊಟ್ಟೆಯದೋ? ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ಆದರೆ ತನ್ನ ಕೆಲಸವೇ ಜಂತೆ ಎಣಿಸುವುದಲ್ಲವೇ? ಯೋಚಿಸಿದಷ್ಟೂ ತಲೆ ಗಿರ್ರೆಂದಿತು. ಪಚ್ಚಮ್ಮ ನಗುತ್ತ ನೋಡುತ್ತಿದ್ದಳು.

"ಗಟ್ಟಿಯಾಗಿದೆ," ಎಂದುಬಿಟ್ಟ.

ಎರಡು ದಿನ ಅವನಿಗೆ ಸಮಾಧಾನವಿಲ್ಲ. ಮೂರನೆಯ ದಿನ ಹಸಿದು ಕೂತಾಗ ಒಂದು ಪ್ರಶ್ನೆ ಹುಟ್ಟಿತು. ಪಚ್ಚಮ್ಮ ತಿನ್ನುವುದು ಹಣ್ಣು. ಅಷ್ಟು ಗೆದ್ದಲು ಅವಳಿಗೆ ಸಿಕ್ಕಿದ್ದೆಲ್ಲಿ?

ಕುಟ್ಟಪ್ಪ ಹಾರಿಹೋಗಿ ಮರದ ಬುಡವನ್ನು ಕೆದಕಿದ. ತೊಗಟೆ ಕಳಚಿ ಬಿತ್ತು. ಒಳಗೆ ಗೆದ್ದಲು ಮುಲುಗುಟ್ಟುತ್ತಿತ್ತು. ಮೇಲೆ ಬಾಗಿಲಿಗೆ ಮಣ್ಣು ಮೆತ್ತಿ ಆಗಿತ್ತು. ಸಂದಿನಲ್ಲಿ ಕೆಂಚಮ್ಮನ ಕೊಕ್ಕು ಮಾತ್ರ ಕಾಣುತ್ತಿತ್ತು.

"ಬೊಮ್ಮಣ್ಣ, ಗೋಡೆ ಒಡೆ. ಮರ ಟೊಳ್ಳು. ನಾನು ಪಚ್ಚಮ್ಮ ಕೊಟ್ಟದ್ದು ತಿಂದು ಸುಳ್ಳು ಹೇಳಿದೆ."

ಬೊಮ್ಮಯ್ಯ ಬೈಯುತ್ತ ನಿಲ್ಲಲಿಲ್ಲ. ಅವನು ಹೊರಗಿನಿಂದ, ಕೆಂಚಮ್ಮ ಒಳಗಿನಿಂದ ಮಣ್ಣು ಕೆಡವಿದರು. ಅವಳ ಗರಿ ಇನ್ನೂ ಉದುರಿರಲಿಲ್ಲ, ಹಾರಿದಳು. ಸಂಜೆಯ ಗಾಳಿಗೆ ಮರ ಬುಡಸಮೇತ ಉರುಳಿತು.

ಅತ್ತಿಕೊಂಬೆ ಕೈತಪ್ಪಿ ಪಚ್ಚಮ್ಮ ಮುಖ ಊದಿಸಿಕೊಂಡು ಕೂತಿದ್ದಳು. ಕುಟ್ಟಪ್ಪ ಕೇಳಿದ, "ಗೆದ್ದಲು ಹಿಡಿದದ್ದನ್ನು ಯಾಕೆ ಮುಚ್ಚಿಟ್ಟೆ?"

"ಮುಚ್ಚಿಟ್ಟೆನೇ? ಎಲೆಯ ಮೇಲೆ ಹಾಕಿ ನಿನ್ನ ಮುಂದೆಯೇ ಇಟ್ಟೆನಲ್ಲಪ್ಪ. ಎಲ್ಲಿಯದೆಂದು ನೀನು ಕೇಳಲಿಲ್ಲ."



ನೀತಿ: ಜಂತೆ ಎಣಿಸುವ ಕೆಲಸದವನು ಆ ಮನೆಯಲ್ಲಿ ಉಣ್ಣಬಾರದು.