ಕೆಂಪು ಗೋವಿನಜೋಳದ ಎಂಟು ಅಕ್ಷರ

ಬೀಜ ಸಂಶೋಧನಾ ಕೇಂದ್ರವೊಂದರಲ್ಲಿ ಸುಲೋಚನಾ ಕಮ್ಮಾರ ಎಂಬ ವಿಜ್ಞಾನಿ ಇದ್ದರು. ಅವರ ಶಿಷ್ಯ ಚನ್ನವೀರ. ಜಾಣ, ಆದರೆ ಅರ್ಧ ಕೇಳಿ ಓಡುವ ಜಾಣ. ಅಂಥವರಿಗೆ ಬುದ್ಧಿ ಹೇಳುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಮಲ್ಲವ್ವ ಎಂಬ ರೈತ ಮಹಿಳೆ ತನ್ನ ಅತ್ತೆಯ ಕಾಲದ ಕೆಂಪು ಗೋವಿನಜೋಳದ ಕೊನೆಯ ಬೀಜಗಳನ್ನು ಸುಲೋಚನಾ ಅವರಿಗೆ ತಂದುಕೊಟ್ಟಿದ್ದಳು. ಎರಡು ವರ್ಷದಿಂದ ಅದರಲ್ಲಿ ಬಿಳಿ ತೆನೆ ಬರುತ್ತಿತ್ತು. "ನಮ್ಮ ಕೆಂಪು ನಮಗ ತಿರುಗಿ ಕೊಡ್ರಿ ಅಕ್ಕಾರ" ಎಂದು ಕೇಳಿಕೊಂಡಿದ್ದಳು.

ಸುಲೋಚನಾ ಕಾರಣ ಹುಡುಕಿದರು. ಡಿಎನ್ಎ ಎಂದರೆ ನಾಲ್ಕೇ ಅಕ್ಷರಗಳಲ್ಲಿ ಬರೆದ ಜೀವದ ಉದ್ದನೆಯ ಬರಹ; ಅದರಲ್ಲಿ ಜಾಗದಿಂದ ಜಾಗಕ್ಕೆ ನೆಗೆಯುವ ತುಣುಕುಗಳಿರುತ್ತವೆ. ಅಂಥದೊಂದು ಕೆಂಪು ಬಣ್ಣದ ವಂಶವಾಹಿಯೊಳಗೆ ನುಗ್ಗಿ ಕುಳಿತು ಬಣ್ಣ ಕೆಡಿಸಿತ್ತು.

ಬೀಜ ಸಸಿಯಾದಾಗ ಅವರು ಚನ್ನವೀರನಿಗೆ ಹೇಳಿದರು: "ಎಲೆ ಪರೀಕ್ಷೆ ಮಾಡು. ತುಣುಕು ಬಿಟ್ಟುಹೋದ ಸಸಿ ಸಿಕ್ಕರ ಕುಣೀಬ್ಯಾಡ. ಅದು ಕೂತಿದ್ದ ಜಾಗಾದ ಅಕ್ಷರ ಒಂದೊಂದೂ ಓದು. ಅಲ್ಲೀತನಕ ಯಾವ ಸಸೀನೂ ಒಗೀಬ್ಯಾಡ."

ನಲವತ್ತು ಸಸಿಗಳಲ್ಲಿ ಹನ್ನೆರಡರಲ್ಲಿ ತುಣುಕು ಇರಲಿಲ್ಲ. ಅಕ್ಷರ ಓದಿಸಲು ಹದಿನೈದು ದಿನ ಬೇಕು, ಹೊಲದ ಹದ ಆರುತ್ತಿತ್ತು. ಹೊಕ್ಕದ್ದು ಹೋದ ಮೇಲೆ ಇನ್ನೇನು ಓದುವುದು ಅಂದುಕೊಂಡ ಮಹಾಶಯ. ಹನ್ನೆರಡನ್ನು ನೆಟ್ಟ. ಇಪ್ಪತ್ತೆಂಟನ್ನು ತಿಪ್ಪೆಗೆ ಎಸೆದ.

ಮೂರು ತಿಂಗಳ ಮೇಲೆ ಮಲ್ಲವ್ವನೇ ಬಂದು ತೆನೆ ಸುಲಿದಳು. ಬಿಳಿ. ಇನ್ನೊಂದು ಸುಲಿದಳು, ಅದೂ ಬಿಳಿ. ಹನ್ನೆರಡೂ ಬಿಳಿ.

"ತುಣುಕು ಹೋಗಿತ್ತಲ್ರಿ ಮೇಡಂ" ಎಂದ ಚನ್ನವೀರ.

"ಹೋಗಿತ್ತು, ಯಾರು ಇಲ್ಲಂದ್ರು? ಅದು ನುಗ್ಗುವಾಗ ಡಿಎನ್ಎದ ಎರಡೂ ಎಳಿ ಒಂದೇ ನೇರಕ್ಕ ಕತ್ತರಿಸಂಗಿಲ್ಲ, ಹಿಂದುಮುಂದು ಕತ್ತರಿಸ್ತದ. ಆ ಸಂದು ತುಂಬೂವಾಗ ಅಲ್ಲಿದ್ದ ಎಂಟು ಅಕ್ಷರ ತುಣುಕಿನ ಆಕಡಿಗೊಮ್ಮೆ, ಈಕಡಿಗೊಮ್ಮೆ ಬೀಳ್ತಾವ. ತುಣುಕು ಎದ್ದುಹೋದ್ರೂ ಆ ಹೆಚ್ಚಿನ ಅಕ್ಷರ ಬಹಳ ಸಲ ಅಲ್ಲೇ ಉಳೀತಾವ. ಮೂರು ಮೂರು ಕೂಡಿಸಿ ಓದೋ ಜೀವಕ್ಕ ಎಂಟು ಹೆಚ್ಚಾದ್ರ ಲೆಕ್ಕ ತಪ್ತದ, ಮುಂದಿನದೆಲ್ಲ ತಪ್ಪು. ಎಷ್ಟು ಸಲ ಹೇಳೀನಿ ನಿನಗ?"

"ಹತ್ತು ಸಲ ಹೇಳೀರಿ."

"ಉಳಿದ ಸಸಿ ಎಲ್ಲಿ?"

ಅವನು ತಿಪ್ಪೆಯ ಕಡೆ ನೋಡಿದ. ತುಣುಕು ಇನ್ನೂ ಕೂತಿದ್ದ ಆ ಇಪ್ಪತ್ತೆಂಟರ ಯಾವುದೋ ಒಂದರಲ್ಲಿ, ಬೆಳೆಯುತ್ತ ಹೋದಂತೆ, ಅಪರೂಪಕ್ಕಾದರೂ, ಅದು ಗುರುತು ಬಿಡದೆ ಎದ್ದುಹೋಗಿ ಕೆಂಪು ಮರಳುವ ಸಾಧ್ಯತೆ ಇತ್ತು. ಸುಲೋಚನಾ ಹಣೆ ಹಿಡಿದುಕೊಂಡರು.

"ಅದರಾಗ ನಮ್ಮ ಕೆಂಪು ಇತ್ತೇನ್ರಿ?" ಎಂದು ಮಲ್ಲವ್ವ ಕೇಳಿದಳು.

"ಇರಬಹುದಿತ್ತು, ಯವ್ವಾ."

ಮಲ್ಲವ್ವ ಕೈಯಲ್ಲಿದ್ದ ತೆನೆಯನ್ನು ಬದುವಿನ ಮೇಲಿಟ್ಟು, ಬರಿಗೈಯಲ್ಲಿ ಊರಿಗೆ ಹೋದಳು.

ನೀತಿ: ಕೆಡಿಸಿದವನು ಹೊರಟುಹೋದ ಮಾತ್ರಕ್ಕೆ ಕೆಟ್ಟದ್ದು ಸರಿಹೋಗುವುದಿಲ್ಲ. ಅವನು ಕೂತಿದ್ದ ಜಾಗವನ್ನು ನೋಡದೆ ಎಲ್ಲ ಮೊದಲಿನಂತಾಯಿತು ಅನ್ನಬೇಡಿ. ಅವಸರ ತಡೆಯಲಾಗದಿದ್ದರೆ, ಉಳಿದದ್ದನ್ನಾದರೂ ತಿಪ್ಪೆಗೆ ಎಸೆಯಬೇಡಿ.