ಮೂತಕ್ಕನ ಬಾಯಲ್ಲಿ ತುತ್ತಿತ್ತು

ಹುಲ್ಲು ಕೂಡ ಇನ್ನೂ ಹುಟ್ಟಿರದ ಕಾಲದ ಒಂದು ಕಾಡಿನಲ್ಲಿ ಮೂತಕ್ಕ ಎಂಬ ಡೈನೋಸಾರ್ ಇದ್ದಳು. ಬಸ್ಸಿನಷ್ಟು ಉದ್ದ, ಚಪ್ಪಟೆ ಮೂತಿ, ತಿನ್ನುವುದು ಬರೀ ಸೊಪ್ಪು, ತೊಗಟೆ. ಮುಂದೆ ಬಾತುಕೋಳಿ ಮೂತಿಯವರು ಎಂದು ದೊಡ್ಡ ಹೆಸರು ಮಾಡಿದ ಡೈನೋಸಾರ್‌ಗಳಿಗೆ ಇವಳು ಹಿಂದಿನ ತಲೆಮಾರಿನ ನೆಂಟಳು. ಆಗ ಬಾತುಕೋಳಿಗಳೇ ಇರಲಿಲ್ಲವಾದ್ದರಿಂದ ಅವಳ ಮೂತಿಯನ್ನು ಯಾರೂ ಆಡಿಕೊಳ್ಳುತ್ತಿರಲಿಲ್ಲ. ಅವಳ ಮುಂಗೈ ಹೆಬ್ಬೆರಳಲ್ಲಿ ಗೂಟದಂಥ ಒಂದು ಮುಳ್ಳಿತ್ತು. ಅದನ್ನು ಅವಳು ಬೆನ್ನು ಕೆರೆದುಕೊಳ್ಳಲು ಮಾತ್ರ ಬಳಸುತ್ತಿದ್ದಳು.

ಅವಳ ಹಿಂಡಿಗೆ ದವಡೆಯಜ್ಜ ಹಿರಿಯ. ಕೆಲಸ ಕಡಿಮೆ, ನಿಯಮ ಜಾಸ್ತಿ. ಅವನ ನಿಯಮಗಳಲ್ಲಿ ಮೊದಲನೆಯದು ಇದು: ಬಾಯಲ್ಲಿ ತುತ್ತಿದ್ದಾಗ ಮಾತಾಡಬಾರದು, ಕೂಗಬಾರದು, ತುತ್ತನ್ನು ಉಗುಳಲೂಬಾರದು. ಪೂರ್ತಿ ಅಗಿದು ನುಂಗಿದ ಮೇಲೆಯೇ ಮುಂದಿನ ಮಾತು. ನೂರಾರು ಹಲ್ಲಿರುವವರು ಅಗಿಯುತ್ತಾ ಮಾತಾಡಿದರೆ ಎದುರಿನವರ ಮುಖದ ಗತಿ ಏನಾಗುತ್ತದೆ ಎಂದು ಅಜ್ಜನಿಗೆ ಅನುಭವವಿತ್ತು.

ಮೂತಕ್ಕ ಮೂರು ಮೊಟ್ಟೆ ಇಟ್ಟಿದ್ದಳು. ಹಿಂಡು ಹೊಳೆಯ ಕಡೆ ಮೇಯಲು ಹೋದರೆ ಇವಳೊಬ್ಬಳೇ ಗೂಡಿನ ಹತ್ತಿರ ಉಳಿಯುತ್ತಿದ್ದಳು. ಹೊಟ್ಟೆ ಚುರುಗುಟ್ಟಿದರೂ ಅಲ್ಲಾಡುತ್ತಿರಲಿಲ್ಲ.

ಅದೇ ಕಾಡಿನಲ್ಲಿ ಗರಿಯಪ್ಪನೂ ಇದ್ದ. ಇವನು ಚಿಕ್ಕ ಮೈಯ, ಚುರುಕು ಕಾಲಿನ ಮಾಂಸಾಹಾರಿ. ಬಾಲದ ತುಂಬಾ ಬಣ್ಣದ ಗರಿ. ನೀರು ಕಂಡಲ್ಲೆಲ್ಲ ನಿಂತು ಬಾಲ ನೋಡಿಕೊಳ್ಳುವುದೇ ಅವನಿಗೆ ಅರ್ಧ ದಿನದ ಕೆಲಸ. ಉಳಿದರ್ಧ ದಿನ ಮೊಟ್ಟೆ ಕದಿಯುತ್ತಿದ್ದ.

ಒಂದು ದಿನ ಅವನು ಮರದ ತೊಗಟೆಯ ಹೊರೆ ಹೊತ್ತು ಬಂದ.

"ಅಯ್ಯೋ ಅಕ್ಕಾ, ಎಷ್ಟು ಸೊರಗಿದೀರಿ. ತಗೊಳ್ಳಿ, ತಿನ್ನಿ. ಬಿಸಿಲು ಕಣ್ಣಿಗೆ ಹೊಡೀತಿದೆ, ಆ ಕಡೆ ತಿರುಗಿ ಕೂತ್ಕೊಳ್ಳಿ. ಗೂಡು ನಾನು ನೋಡ್ಕೋತೀನಿ."

"ನೀನೆಷ್ಟು ಒಳ್ಳೆಯವನಪ್ಪಾ," ಎಂದು ಮೂತಕ್ಕ ಬಾಯಿ ತುಂಬಾ ತುರುಕಿಕೊಂಡು ಗೂಡಿಗೆ ಬೆನ್ನು ಹಾಕಿ ಕೂತಳು.

ಗರಿಯಪ್ಪನ ಕಣ್ಣುಗಳು ಮುಂದಕ್ಕಿದ್ದವು. ಬೆನ್ನು ತಿರುಗಿಸಿದವರಿಗೆ ಏನೂ ಕಾಣುವುದಿಲ್ಲ ಎಂದೇ ಅವನು ತಿಳಿದಿದ್ದ. ಸೊಪ್ಪು ತಿನ್ನುವವರ ಕಣ್ಣು ತಲೆಯ ಎರಡು ಪಕ್ಕದಲ್ಲಿರುತ್ತದೆ, ಹಿಂದೆ ನಡೆಯುವುದೂ ಅವರಿಗೆ ಕಾಣುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಒಂದು ಮೊಟ್ಟೆ ಎತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದನ್ನು ಮೂತಕ್ಕ ಪೂರ್ತಿ ನೋಡಿದಳು. ಕೂಗೋಣವೆಂದರೆ ಬಾಯಲ್ಲಿ ತುತ್ತು. ಅಗಿದಳು, ಅಗಿದಳು, ಅಳುತ್ತಲೇ ಅಗಿದಳು. ನುಂಗಿ ಮುಗಿಸುವಷ್ಟರಲ್ಲಿ ಗರಿಯಪ್ಪ ಗುಡ್ಡ ದಾಟಿದ್ದ.

ಹಿಂಡು ಬಂದಾಗ ಅವಳು ಅಜ್ಜನ ಮುಂದೆ ಎಲ್ಲ ಹೇಳಿಕೊಂಡಳು.

"ಕೂಗಿದೆಯಾ?" ಎಂದ ಅಜ್ಜ.

"ಇಲ್ಲ ಅಜ್ಜ, ಬಾಯಲ್ಲಿ ತುತ್ತಿತ್ತು."

"ಭೇಷ್. ಮರ್ಯಾದಸ್ಥೆ ಅಂದರೆ ನೀನೇ," ಎಂದು ಅಜ್ಜ ತನ್ನ ಪಾಡಿಗೆ ತಾನು ಮಲಗಿದ.

ಮೂತಕ್ಕನಿಗೆ ದುಃಖದ ಜೊತೆ ಮೈಯೆಲ್ಲ ಉರಿಯಿತು. ನಿಯಮ ಮುರಿಯುವ ಧೈರ್ಯ ಅವಳಿಗಿರಲಿಲ್ಲ. ಆದರೆ ನಿಯಮವನ್ನು ಇನ್ನೊಮ್ಮೆ ಮೊದಲಿಂದ ಕೊನೆಯವರೆಗೆ ನೆನೆಸಿಕೊಂಡಳು. ಮಾತಾಡಬಾರದು. ಕೂಗಬಾರದು. ಉಗುಳಬಾರದು. ಎಲ್ಲವೂ ಬಾಯಿಗೆ ಸಂಬಂಧಪಟ್ಟಿದ್ದು. ಬೆರಳಿನ ಬಗ್ಗೆ ಅಜ್ಜ ಏನೂ ಹೇಳಿರಲಿಲ್ಲ.

ಮರುದಿನ ಗರಿಯಪ್ಪ ನಾಚಿಕೆಯಿಲ್ಲದೆ ಮತ್ತೆ ಬಂದ.

"ಅಕ್ಕಾ, ಮೂರಿದ್ದ ಮೊಟ್ಟೆ ಎರಡಾಗಿದೆಯಲ್ಲ! ಹೇಗಾಯ್ತು?"

"ನಂಗೇನಪ್ಪಾ ಗೊತ್ತು? ನಿನ್ನೆ ಬೆನ್ನು ಹಾಕಿ ಕೂತಿದ್ದೆನಲ್ಲ," ಎಂದಳು ಮೂತಕ್ಕ. "ಆ ತೊಗಟೆ ಮಾತ್ರ ಬಹಳ ರುಚಿ. ಇನ್ನೂ ಜಾಸ್ತಿ ನಾರು ಇರೋದು ಸಿಗುತ್ತಾ?"

ಗರಿಯಪ್ಪನಿಗೆ ಒಳಗೊಳಗೇ ಖುಷಿ. ಕಾಡಿನಲ್ಲೇ ಅತಿ ಗಟ್ಟಿಯಾದ ತೊಗಟೆ ಹುಡುಕಿ ತಂದುಕೊಟ್ಟ. ಮೂತಕ್ಕ ಬಾಯಿಗೆ ಹಾಕಿಕೊಂಡು ಬೆನ್ನು ತಿರುಗಿಸಿದಳು. ಅವನು ಗೂಡಿಗೆ ಬಗ್ಗಿ ಮೊಟ್ಟೆಗೆ ಕೈ ಹಾಕಿದ. ಬಣ್ಣದ ಬಾಲ ಅವಳ ಪಕ್ಕದಲ್ಲೇ ನೆಲಕ್ಕೆ ಹರಡಿಕೊಂಡಿತ್ತು. ಮೂತಕ್ಕ ಮೆಲ್ಲಗೆ ಕೈ ಚಾಚಿ, ಹೆಬ್ಬೆರಳ ಮುಳ್ಳನ್ನು ಗರಿಗಳ ನಡುವೆ ನೆಲಕ್ಕೆ ಊರಿ, ಅಂಗೈ ಒತ್ತಿ ಕೂತಳು.

"ಅಕ್ಕಾ, ನನ್ನ ಬಾಲ," ಎಂದ ಗರಿಯಪ್ಪ.

ಅವಳು ಅಗಿದಳು.

"ಮೊಟ್ಟೆ ಸರಿಯಾಗಿದೆಯಾ ಅಂತ ನೋಡ್ತಿದ್ದೆ ಅಷ್ಟೇ. ನೋಡಿ, ವಾಪಸ್ ಇಟ್ಟೆ. ಕೈ ತೆಗೀರಿ."

ಅವಳು ಅಗಿದಳು.

"ತಪ್ಪಾಯ್ತು ಅಕ್ಕಾ, ನಿನ್ನೆಯದೂ ನಾನೇ ತಿಂದಿದ್ದು. ಏನಾದ್ರೂ ಹೇಳಿ!"

ಹೇಳುವುದು ಹೇಗೆ? ಬಾಯಲ್ಲಿ ಅವನೇ ತಂದ ತೊಗಟೆಯಿತ್ತು, ಅದರಲ್ಲಿ ಇಡೀ ಮಧ್ಯಾಹ್ನಕ್ಕಾಗುವಷ್ಟು ನಾರಿತ್ತು.

ಸಂಜೆ ಹಿಂಡು ಬಂತು. ಗರಿಯಪ್ಪ ಅಜ್ಜನಿಗೆ ಕೈ ಮುಗಿದ. "ಅಜ್ಜಾ, ನೀವಾದ್ರೂ ಇವರಿಗೆ ಹೇಳಿ."

ಅಜ್ಜ ಹುಬ್ಬು ಗಂಟಿಕ್ಕಿದ. "ಬಾಯಲ್ಲಿ ತುತ್ತಿರೋರನ್ನ ಮಾತಾಡಿಸಬಾರದು. ಅಷ್ಟೂ ಗೊತ್ತಿಲ್ವಾ? ಸುಮ್ನೆ ಕಾಯಿ."

ಸುತ್ತ ಬಸ್ಸಿನಷ್ಟು ಉದ್ದದ ಹದಿನಾಲ್ಕು ಮಂದಿ ನಿಂತು ಅಗಿಯುತ್ತಾ ನೋಡುತ್ತಿದ್ದರು. ಕಾಯುವ ಧೈರ್ಯ ಗರಿಯಪ್ಪನಿಗೆ ಉಳಿಯಲಿಲ್ಲ. ಕಣ್ಣು ಮುಚ್ಚಿ ಮುಂದಕ್ಕೆ ಎಗರಿದ. ಅವನು ಓಡಿದ, ಗರಿಗಳೆಲ್ಲ ಅಲ್ಲೇ ಉಳಿದವು. ಬೋಳು ಬಾಲದ ಗರಿಯಪ್ಪ ಆಮೇಲೆ ಯಾವ ನೀರನ್ನೂ ಬಗ್ಗಿ ನೋಡಲಿಲ್ಲ.

ಮೂತಕ್ಕ ಕೊನೆಗೂ ನುಂಗಿದಳು. ಬಾಯಿ ಒರೆಸಿಕೊಂಡು ಗುಡ್ಡದ ಕಡೆ ತಿರುಗಿ, "ಈಗ ಹೇಳಪ್ಪಾ, ಏನೋ ಅಂತಿದ್ದೆಯಲ್ಲ?" ಎಂದಳು.

ಎರಡು ಮರಿಗಳು ಬಣ್ಣದ ಗರಿಯ ಹಾಸಿಗೆಯ ಮೇಲೆ ಮೊಟ್ಟೆಯೊಡೆದು ಬಂದವು. ಮೂರನೆಯದರ ಜಾಗವನ್ನು ಮೂತಕ್ಕ ಹಾಗೇ ಖಾಲಿ ಬಿಟ್ಟಿದ್ದಳು.

ನೀತಿ: ಬಾಯಿ ಮುಚ್ಚಿಕೊಂಡಿರುವವರನ್ನು ಕೈಲಾಗದವರು ಎಂದು ತಿಳಿದು ಮೋಸ ಮಾಡುವವನು ಅವರ ಕೈಗೇ ಸಿಕ್ಕಿಬೀಳುತ್ತಾನೆ.